ಒಲಿದು ಮಾಡಿದ್ದೂ ಬಿಟ್ಟಿ ಮಾಡಿಸಿದ್ದೂ

ಹುಣಸೂರು ತಾಲೂಕಿನ ಗುರುಪುರದ ಕಡೆಯಿಂದ ಶಿಕ್ಷಕರೊಬ್ಬರು ನಮಗೊಂದು ಪತ್ರವನ್ನು ಬರೆದಿರುವರು. ಪತ್ರವು ಉದ್ದವಾದದ್ದು, ಆದರೆ ಅದರಲ್ಲಿರುವ ಪ್ರಶ್ನೆಯು ಒಂದೇ. ಶಾಲೆಯ ಕೆಲಸವು ತೀರಿದ ಮೇಲೆ ಈ ಮಹಾಶಯರು ಆರೇಳು ವರುಷಗಳಿಂದ ನಾಗರಹೊಳೆಯ ಕಾಡಿನಂಚಿನ ಹಾಡಿಗಳಿಗೆ ಹೋಗಿ, ಅಲ್ಲಿಯ ಜೇನುಕುರುಬ ಹಿರಿಯರು ಗೆಡ್ಡೆಗೆ, ಬಿದಿರಿಗೆ, ಹಕ್ಕಿಗೆ, ಮಳೆಗೆ ಏನೇನು ಹೆಸರನ್ನು ಇಟ್ಟುಕೊಂಡಿರುವರೆಂಬದನ್ನು ಕೇಳಿ ಬರೆದಿಟ್ಟುಕೊಳ್ಳುತ್ತಿರುವರು. ಹೆಜ್ಜೇನು, ಕೋಲುಜೇನು, ತುಡುವೆ ಎಂದು ನಾವು ಪಟ್ಟಣದವರು ಮೂರು ನಾಲ್ಕು ಹೆಸರುಗಳಲ್ಲಿ ಮುಗಿಸಿಬಿಡುವ ಜೇನಿನ ವಿಷಯಕ್ಕೇ ಅವರ ಪುಸ್ತಕದಲ್ಲಿ ಹಲವು ಪುಟಗಳು ತುಂಬಿರುವವಂತೆ. ಹೀಗೆ ಮೂರು ದಪ್ಪ ಪುಸ್ತಕಗಳಾಗಿರುವವು. ಇವರಿಗೆ ಇದನ್ನು ಮಾಡೆಂದು ಯಾರೂ ಹೇಳಿದ್ದಿಲ್ಲ.

ಕಳೆದ ವರುಷ ಒಂದು ಸಭೆಯಲ್ಲಿ ಮೇಲಿನವರೊಬ್ಬರು ಈ ಪುಸ್ತಕಗಳನ್ನು ಬಾಯಿತುಂಬ ಹೊಗಳಿದರಂತೆ. ಪ್ರದರ್ಶನದಲ್ಲಿ ಇಡುವದಕ್ಕೆಂದು ತರಿಸಿಕೊಂಡರಂತೆ. ಇನ್ನೂ ಹತ್ತು ಹಾಡಿಗಳ ಮಾತುಗಳನ್ನು ವರುಷದೊಳಗೆ ಸಂಗ್ರಹಿಸಿ ಕೊಡಬೇಕೆಂದು ಅಪ್ಪಣೆಯನ್ನೂ ಮಾಡಿದರಂತೆ. ಆಗ ನಮ್ಮ ಶಿಕ್ಷಕರು ಬಸ್ಸಿನ ವೆಚ್ಚವನ್ನೂ ವರುಷಕ್ಕೆ ನಾಲ್ಕು ದಿನದ ಬಿಡುವನ್ನೂ ಕೇಳಿದರು. ಅದಕ್ಕೆ ಬಂದ ಉತ್ತರವಿದು: “ಇಂಥ ಕೆಲಸಗಳನ್ನು ಕಾನ್ ಅಮೋರೆ ಮಾಡಬೇಕು, ಮೇಷ್ಟ್ರೇ. ಇದಕ್ಕೆಲ್ಲ ಬಿಲ್ಲು ಹಾಕುತ್ತಾರೆಯೇ?” ಸಭೆಯು ನಕ್ಕಿತು. ಮೇಷ್ಟ್ರು ಕುಳಿತುಕೊಂಡರು. ಮನೆಗೆ ಬಂದು ನಿಘಂಟನ್ನು ತೆರೆದು ನೋಡಲಾಗಿ ‘ಪ್ರೀತಿಯಿಂದ’ ಎಂದಿತ್ತು. “ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಬಸ್ಸಿನ ಚೀಟಿಯ ಹಣವನ್ನು ಕೇಳಿದರೆ ಪ್ರೀತಿಯು ಸುಳ್ಳಾಯಿತೇ? ಈ ಮಾತಿಗೆ ಸರಿಯಾದ ಕನ್ನಡವು ಯಾವದು?” ಎಂದು ಅವರು ನಮ್ಮನ್ನು ಕೇಳಿರುವರು.

ಮಾತು ಇಟಲಿಯದು. ‘ಕಾನ್’ ಎಂದರೆ ಒಡನೆ, ‘ಅಮೋರೆ’ ಎಂದರೆ ಒಲವು. ಪಾಶ್ಚಾತ್ಯ ಸಂಗೀತಗಾರರು ಸ್ವರಗಳನ್ನು ಬರೆದಿಡುವ ಹಾಳೆಯ ಮೇಲೆ, ಈ ಭಾಗವನ್ನು ಹುರುಪಿನಿಂದ ನುಡಿಸು, ಇದನ್ನು ಮೆಲ್ಲಗೆ ನುಡಿಸು ಎಂಬ ಸೂಚನೆಗಳನ್ನು ಇಟಲಿಯ ಭಾಷೆಯಲ್ಲಿಯೇ ಬರೆಯುವ ವಾಡಿಕೆಯುಂಟು. ಒಲವಿನೊಡನೆ ನುಡಿಸೆಂಬದು ಅವುಗಳಲ್ಲೊಂದು. ಹದಿನೆಂಟನೆಯ ಶತಮಾನದಲ್ಲಿ ಆಂಗ್ಲರು ಈ ಮಾತನ್ನು ತಮ್ಮ ಭಾಷೆಗೆ ಎರವಲು ತಂದು ಸಂಗೀತದ ಹೊರಗೂ ಬಳಸತೊಡಗಿದರು. ಒಬ್ಬನು ತೋಟವನ್ನು ಮಾಡಿದನು, ಪುಸ್ತಕವನ್ನು ಬರೆದನು, ಕುರ್ಚಿಯೊಂದನ್ನು ಕೆತ್ತಿದನು, ಅದನ್ನು ಲಾಭಕ್ಕಾಗಿಯಾಗಲಿ ಹೆದರಿಕೆಗಾಗಿಯಾಗಲಿ ಮಾಡದೆ ಆ ಕೆಲಸದ ಮೇಲಣ ಆಸೆಗಾಗಿಯೇ ಮಾಡಿದನು ಎಂದು ಹೇಳಬೇಕಾದಾಗ ಅವರು ಹೀಗೆನ್ನುವರು. ಇಲ್ಲಿ ಒಂದು ಸೂಕ್ಷ್ಮವಿದೆ, ವಾಚಕರು ಗಮನಿಸಬೇಕು. ಸಂಗೀತದ ಹಾಳೆಯಲ್ಲಿ ಅದು ಅಪ್ಪಣೆಯು ಹೌದು, ಆದರೆ ಅಲ್ಲಿ ವಾದ್ಯಗಾರನಿಗೆ ಸಂಭಾವನೆಯು ಗೊತ್ತಾಗಿಯೇ ಇರುತ್ತದೆ. ಸಂಗೀತದ ಹೊರಗೆ ಬಂದಾಗ ಅದು ಅಪ್ಪಣೆಯಲ್ಲ, ಸಾಕ್ಷಿ. ಮಾಡಿದವನನ್ನು ಕಂಡವನು ಮೆಚ್ಚಿ ಹೇಳುವ ಮಾತು. ಮೇಲಿನವರು ಸಾಕ್ಷಿಯ ಮಾತನ್ನು ವಿಧಿಯ ಮಾತನ್ನಾಗಿ ಮಾಡಿದರು. ಅಪ್ಪಣೆಯನ್ನು ಹಾಳೆಯಿಂದ ತೆಗೆದುಕೊಂಡು ಸಂಭಾವನೆಯನ್ನು ಹಾಳೆಯಲ್ಲಿಯೇ ಬಿಟ್ಟುಬಂದರು.

ಕನ್ನಡದಲ್ಲಿ ಇದಕ್ಕೆ ‘ಒಲಿದು ಮಾಡುವದು’ ಎಂಬ ಮಾತು ಸಾಕೆಂದು ನಮ್ಮ ಮತವು. ಅಕ್ಕರೆಯಿಂದ ಮಾಡುವದೆಂದರೂ ಸಲ್ಲುವದು, ಆದರೆ ಅಕ್ಕರೆಯಲ್ಲಿ ತಾಯಿಯ ಮಡಿಲಿನ ವಾಸನೆಯೇ ಹೆಚ್ಚು. ಆಸ್ಥೆ, ಶ್ರದ್ಧೆಗಳೆಂಬವು ಒಳ್ಳೆಯ ಶಬ್ದಗಳು, ಆದರೆ ವರದಿಗಳಲ್ಲಿ ಸವೆದುಹೋಗಿರುವವು. ಒಲಿ ಎಂಬ ಧಾತುವಿನಲ್ಲಿ ಬೇರೊಂದು ಗುಣವಿದೆ. ದೇವರು ಒಲಿದನು, ವಿದ್ಯೆಯು ಒಲಿಯಿತು, ಸರಸ್ವತಿಯು ಒಲಿದಳು ಎನ್ನುವೆವಷ್ಟೆ? ಒಲಿಯೆಂದು ಬೇಡಿಕೊಳ್ಳಬಹುದು, ಸುತ್ತೋಲೆಯನ್ನು ಹೊರಡಿಸಿ ಒಲಿಸಿಕೊಳ್ಳುವದಕ್ಕೆ ಬರುವದಿಲ್ಲ.

ಆದರೆ ನಮ್ಮ ಭಾಷೆಯಲ್ಲಿ ಇನ್ನೊಂದು ಶಬ್ದವೂ ಉಂಟು. ಅದು ಬಿಟ್ಟಿ. ಇದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದೆಂದು ಬಲ್ಲವರು ಹೇಳುವರು. ಕೂಲಿಯನ್ನು ಕೊಡದೆ ಬಲವಂತದಿಂದ ಮಾಡಿಸುವ ಕೆಲಸಕ್ಕೆ ಈ ಹೆಸರು. ನಮ್ಮ ಹಳೆಯ ಶಾಸನಗಳಲ್ಲಿ ಪ್ರಜೆಗಳು ಸಲ್ಲಿಸಬೇಕಾದ ತೆರಿಗೆಗಳ ಸಾಲಿನಲ್ಲಿಯೇ ಇದರ ಹೆಸರು ಬರುವದು. ದತ್ತಿಯ ಭೂಮಿಯವರಿಗೆ ಅದನ್ನು ಮಾಫಿ ಮಾಡಿದ ದಾಖಲೆಗಳೂ ಇರುವವು. ಅಧಿಕಾರಿಯು ಹಳ್ಳಿಗೆ ಬಂದರೆ ಅವನ ಸಾಮಾನನ್ನು ಹೊರುವದು, ಅವನ ಬಂಡಿಗೆ ಎತ್ತನ್ನು ಕೊಡುವದು, ಅವನ ಕುದುರೆಗೆ ಹುಲ್ಲನ್ನು ತರುವದು ಇವೆಲ್ಲ ಬಿಟ್ಟಿ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ ೨೩ನೆಯ ವಿಧಿಯಲ್ಲಿ ಬೇಗಾರಿಯನ್ನು ಹೆಸರು ಹಿಡಿದು ನಿಷೇಧಿಸಿರುವದು. ಬಲಾತ್ಕಾರದ ಆ ಬಿಟ್ಟಿಯು ಹೋದ ಮೇಲೆ ಶಬ್ದವು ಮೆತ್ತಗಾಗಿ, ಬಿಟ್ಟಿ ಎಂದರೆ ಪುಕ್ಕಟೆಯೆಂಬಷ್ಟೇ ಅರ್ಥವು ಜನರ ಬಾಯಲ್ಲಿ ಉಳಿದಿದೆ.

ಒಲಿದು ಮಾಡಿದ ಕೆಲಸಕ್ಕೂ ಬಿಟ್ಟಿಯ ಕೆಲಸಕ್ಕೂ ಹೊರಗಿನ ರೂಪವು ಒಂದೇ. ಎರಡರಲ್ಲಿಯೂ ಕೂಲಿಯು ಇಲ್ಲ. ಮೊದಲನೆಯದರಲ್ಲಿ ಕೂಲಿಯು ಮಾಡುವವನ ಮನಸ್ಸಿಗೆ ಬಂದಿರುವದಿಲ್ಲ, ಎರಡನೆಯದರಲ್ಲಿ ಮಾಡಿಸುವವನ ಮನಸ್ಸಿಗೆ ಬಂದಿರುವದಿಲ್ಲ. ಮಾಡಿಸುವವರು ಎರಡನೆಯದಕ್ಕೆ ಮೊದಲನೆಯದರ ಹೆಸರನ್ನು ಇಡುವದು ಈಚಿನ ಜಾಣತನ. ಅತಿಥಿ ಶಿಕ್ಷಕರೆಂಬ ಹೆಸರನ್ನೇ ನೋಡಿರಿ. ಅತಿಥಿಯನ್ನು ದೇವರೆಂದು ತಿಳಿಯಬೇಕೆಂಬ ನಾಡಿನಲ್ಲಿ, ವರುಷವೆಲ್ಲ ಪಾಠವನ್ನು ಹೇಳುವವನನ್ನು ಅತಿಥಿಯೆಂದು ಕರೆದು, ಖಾಯಂ ಶಿಕ್ಷಕನ ಸಂಬಳವನ್ನೂ ಭದ್ರತೆಯನ್ನೂ ಅವನಿಗೆ ಇಲ್ಲದಂತೆ ಮಾಡಿರುವೆವು. ಈ ಶಬ್ದವನ್ನು ಕಂಡುಹಿಡಿದವರ ಹಾಸ್ಯಪ್ರಜ್ಞೆಯು ದೊಡ್ಡದು.

ಗುರುಪುರದ ಪತ್ರದಲ್ಲಿ ಇನ್ನೊಂದು ಸಂಗತಿಯೂ ಇದೆ. ತಮ್ಮ ಊರಿನ ಬಳಿಯಲ್ಲಿಯೇ ಕೂಲಿಯಿಲ್ಲದೆ ಕಣ್ಣಿಗೆ ಕಟ್ಟುವಂಥ ಕೆಲಸವನ್ನು ಮಾಡುವವರಿರುವರು, ಅವರನ್ನು ನೋಡಿ ತಾವೇ ನಾಚಿಕೊಳ್ಳಬೇಕೇನೋ ಎಂಬ ಸಂದೇಹವು ಬರುವದೆಂದು ಶಿಕ್ಷಕರು ಬರೆದಿರುವರು. ಅವರು ಹೇಳುವದು ಗ್ಯುದ್‌ಮೇದ್ ಮಠದ ಭಿಕ್ಷುಗಳ ವಿಷಯ. ಹುಣಸೂರಿನ ಸೀಮೆಯಲ್ಲಿ ಟಿಬೆಟಿನವರ ವಸತಿಯು ೧೯೭೨ರ ಸುಮಾರಿಗೆ, ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದಾಗಲೇ ಆದದ್ದು. ಈ ಮಠವು ೧೪೩೩ರಲ್ಲಿ ತ್ಸೊಂಗಖಾಪರ ಶಿಷ್ಯರಾದ ಶೆರಾಬ್ ಸೆಂಗೆಯವರಿಂದ ಟಿಬೆಟಿನಲ್ಲಿ ಸ್ಥಾಪಿತವಾದದ್ದು. ೧೯೫೯ರಲ್ಲಿ ಅಲ್ಲಿಂದ ಹೊರಬಿದ್ದ ಭಿಕ್ಷುಗಳು ಡಾಲ್‌ಹೌಸಿಯಲ್ಲಿ ಕೆಲಕಾಲ ಇದ್ದು, ತರುವಾಯ ನಮ್ಮ ಹೊಗೆಸೊಪ್ಪಿನ ಹೊಲಗಳ ನಡುವೆ ಬಂದು ನೆಲೆಸಿದರು.

ಇವರು ಹರಳಿನಂಥ ಬಣ್ಣದ ಮರಳಿನಿಂದ ಮಂಡಲವನ್ನು ಬರೆಯುವ ಕ್ರಮವು ನೋಡತಕ್ಕದ್ದು. ಮೊದಲು ದಾರದಿಂದಲೂ ಕೈವಾರದಿಂದಲೂ ಗೆರೆಗಳನ್ನು ಹಾಕಿಕೊಳ್ಳುವರು. ಮೇಲ್ಮೈಯಲ್ಲಿ ಗೀರುಗಳಿರುವ ಲೋಹದ ಚಿಕ್ಕ ಕೊಳವೆಯೊಂದರಲ್ಲಿ ಮರಳನ್ನು ತುಂಬಿ, ಆ ಗೀರುಗಳ ಮೇಲೆ ಇನ್ನೊಂದು ಸಲಾಕೆಯನ್ನು ಉಜ್ಜುವರು. ಉಜ್ಜಿದ ನಡುಕಕ್ಕೆ ಮರಳು ಕೊಳವೆಯ ತುದಿಯಿಂದ ಕೆಲವೇ ಕಣಗಳಾಗಿ ಇಳಿಯುವದು. ನಡುವಿನಿಂದ ಹೊರಕ್ಕೆ, ದಿನಗಟ್ಟಲೆ ಬೆನ್ನು ಬಾಗಿಸಿಕೊಂಡು, ಜೋರಾಗಿ ಉಸಿರುಬಿಡುವದಕ್ಕೂ ಅಂಜಿಕೊಂಡು ಈ ಕೆಲಸವು ನಡೆಯುವದು. ಎಲ್ಲವೂ ಮುಗಿದು ಪೂಜೆಯಾದ ಮೇಲೆ ಅದನ್ನು ಗುಡಿಸಿ ಒಟ್ಟುಗೂಡಿಸಿ ಹರಿಯುವ ನೀರಿಗೆ ಬಿಡುವರು. ಅದರ ಮೇಲೆ ಬರೆದವರ ಹೆಸರಿಲ್ಲ, ಮಾರಿದರೆ ಬರುವ ಬೆಲೆಯಿಲ್ಲ, ನಾಳೆಗೆ ಉಳಿಯುವ ಗುರುತಿಲ್ಲ. ಮೂಲೆಯಲ್ಲಿ ಒಂದು ಗೆರೆಯು ಕೂದಲೆಳೆಯಷ್ಟು ಓರೆಯಾದರೆ ಯಾರಿಗೆ ನಷ್ಟ? ಆದರೂ ಓರೆಯಾಗಗೊಡುವದಿಲ್ಲ.

ಶಿಕ್ಷಕರು ನಾಚಿಕೊಳ್ಳಬೇಕಾದ ಕಾರಣವಿಲ್ಲವೆಂದು ನಾವು ಹೇಳುವೆವು. ಯಾಕೆಂದರೆ ಅವರು ಮಂಡಲವನ್ನು ನೋಡಿರುವರು, ಮಠದ ಅಡಿಗೆಮನೆಯನ್ನು ನೋಡಿದ್ದಿಲ್ಲ. ಆ ಭಿಕ್ಷುವಿಗೆ ಹೊತ್ತಿಗೆ ಸರಿಯಾಗಿ ಊಟವಾಗುವದು, ಉಡಲು ಬಟ್ಟೆಯಿರುವದು, ಬೇನೆ ಬಂದರೆ ನೋಡಿಕೊಳ್ಳುವವರಿರುವರು. ಚಿಕ್ಕಂದಿನಿಂದ ಕಲಿಸಿ ಕೈಯನ್ನು ತಿದ್ದಿದ ಗುರುಗಳಿರುವರು. ಒಬ್ಬನು ಮರಳಿನ ಮುಂದೆ ಕೂತಿರುವಾಗ ಇನ್ನೊಬ್ಬನು ನೀರನ್ನು ತಂದಿಡುವನು. ಒಂದು ಸಮಾಜವು, ತಾನೇ ನೆಲೆಯನ್ನು ಕಳೆದುಕೊಂಡು ಬಂದಿದ್ದರೂ, ಒಲಿದು ಮಾಡುವವರ ಹೊಟ್ಟೆಯ ಭಾರವನ್ನು ತಾನು ಹೊತ್ತುಕೊಂಡಿದೆ. ಕೂಲಿಯು ಇಲ್ಲವೆಂಬದು ನಿಜ, ಆದರೆ ಆಸರೆಯು ಇದೆ. ಆ ಮಠದವರು ಯಾರೂ ಭಿಕ್ಷುವಿಗೆ, ನೀನು ಒಲವಿನಿಂದ ಬರೆಯುತ್ತಿರುವೆಯಾದ್ದರಿಂದ ಇಂದು ನಿನಗೆ ಗಂಜಿಯಿಲ್ಲವೆಂದು ಹೇಳುವದಿಲ್ಲ.

ನಾವು ಕನ್ನಡಿಗರು ನಮ್ಮಲ್ಲಿ ಒಲಿದು ಮಾಡಿದವರನ್ನು ಹೇಗೆ ನಡೆಸಿಕೊಂಡೆವು? ಇದನ್ನು ಹೇಳಬೇಕಾದರೆ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರನ್ನು ಎತ್ತಬೇಕಾಗುವದು. ಇವರು ೧೮೮೦ನೆಯ ಜುಲೈ ೨ರಂದು ಧಾರವಾಡದಲ್ಲಿ ಹುಟ್ಟಿದವರು. ತಂದೆಯವರು ಶಿಕ್ಷಕರು, ಬರೆಹಗಾರರು. ಮಗನು ಮುಂಬಯಿಯಲ್ಲಿ ಕಾಯದೆಯನ್ನು ಓದಿ, ಬೆಳಗಾವಿಯಲ್ಲಿ ಕೆಲದಿನವಿದ್ದು, ಆಗಿನ ಬಿಜಾಪುರದಲ್ಲಿ ವಕೀಲಿಯನ್ನು ಹೂಡಿದನು. ವಕೀಲಿಯು ನಡೆಯುವಂತಿತ್ತು, ಸರಕಾರಿ ವಕೀಲರ ಪದವಿಯೂ ಬಂದಿತು. ಕೋರ್ಟಿನ ಕೆಲಸವನ್ನು ಮಾಡಿಕೊಂಡು ಕೋಟನ್ನು ಹಾಕಿಕೊಂಡು ಸುಖವಾಗಿ ಮುದುಕರಾಗುವದಕ್ಕೆ ಏನೂ ಅಡ್ಡಿಯಿರಲಿಲ್ಲ. ಅಡ್ಡಬಂದದ್ದು ತಾಳೆಯ ಗರಿ.

ರಬಕವಿ-ಬನಹಟ್ಟಿಯ ಒಂದು ಮನೆತನದವರಲ್ಲಿ ಇವರು ವಚನಗಳ ತಾಳೆಗರಿಗಳನ್ನು ಕಂಡರು. ಆ ಕಾಲದಲ್ಲಿ ಮನೆಮನೆಗಳಲ್ಲಿ ಇಂಥ ಕಟ್ಟುಗಳು ದೇವರ ಜಗಲಿಯ ಮೇಲಿದ್ದು, ಹೂವು ವಿಭೂತಿಗಳನ್ನು ಏರಿಸಿಕೊಳ್ಳುತ್ತಿದ್ದವೇ ಹೊರತು ಬಿಚ್ಚಿ ಓದುವವರಿರಲಿಲ್ಲ. ಕೆಲವನ್ನು ಗೆದ್ದಲು ತಿಂದಿತ್ತು. ಹಳಕಟ್ಟಿಯವರು ಕಕ್ಷಿದಾರರನ್ನು ಬಿಟ್ಟು ಗರಿಗಳ ಬೆನ್ನು ಹತ್ತಿದರು. ಹಳ್ಳಿಹಳ್ಳಿಗೆ ಹೋಗುವದು, ಮಠದ ಅಯ್ಯನವರನ್ನೂ ಮನೆಯ ಯಜಮಾನರನ್ನೂ ಕಾಡಿ ಬೇಡುವದು, ತಂದದ್ದನ್ನು ಬಿಡಿಸಿ ನಕಲು ಮಾಡುವದು. ಗರಿಯ ಮೇಲಿನ ಕೊರೆದ ಅಕ್ಷರವು ಕಣ್ಣಿಗೆ ಕಾಣಬೇಕಾದರೆ ಕಾಡಿಗೆಯಂಥದನ್ನು ಸವರಿ ಒರೆಸಬೇಕು. ಸಾಲುಗಳ ನಡುವೆ ತೆರಪಿಲ್ಲ, ಮಾತು ಎಲ್ಲಿ ಮುಗಿಯಿತೆಂಬ ಗುರುತಿಲ್ಲ. ಒಂದು ಕಟ್ಟಿನ ಪಾಠವು ಇನ್ನೊಂದಕ್ಕೆ ಹೊಂದುವದಿಲ್ಲ. ಈ ಕೆಲಸವನ್ನು ಮಾಡಿದವನಿಗೇ ಅದರ ಬೇಸರವು ಗೊತ್ತು. ಇವರು ಆರಂಭಿಸಿದಾಗ ಸುಮಾರು ೫೦ ವಚನಕಾರರ ಹೆಸರುಗಳು ಜನಕ್ಕೆ ತಿಳಿದಿದ್ದವು. ಇವರ ದುಡಿಮೆಯಿಂದ ಆ ಸಂಖ್ಯೆಯು ೨೫೦ರ ಮಟ್ಟಿಗೆ ಏರಿತು.

ಅಚ್ಚು ಹಾಕಿಸುವದು ಇನ್ನೊಂದು ಕಥೆ. ಮಂಗಳೂರಿಗೆ ಕಳಿಸಿದ ಹಸ್ತಪ್ರತಿಯು ಅಚ್ಚಾಗದೆ ತಿರುಗಿ ಬಂದಿತು. ಕಡೆಗೆ ೧೯೨೩ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲನೆಯ ಭಾಗವು ಬೆಳಗಾವಿಯಲ್ಲಿ ಮುದ್ರಿತವಾಯಿತು. ಪರರ ಮುದ್ರಣಾಲಯವನ್ನು ನಂಬಿ ಈ ಕೆಲಸವು ಸಾಗಲಾರದೆಂದು ಕಂಡುಕೊಂಡು, ೧೯೨೫ರಲ್ಲಿ ಬಿಜಾಪುರದಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯವನ್ನು ಹೂಡಿದರು. ಅದಕ್ಕೆ ಹಣವು ಎಲ್ಲಿಂದ ಬಂದಿತು? ಇದ್ದ ಮನೆಯನ್ನು ಮಾರಿದರು. ವಾಚಕರು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕೆಂದು ನಮ್ಮ ಬಿನ್ನಹ. ಮುಂದೆ ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ, ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಶಿವಾನುಭವವು ಮೂವತ್ತಕ್ಕೂ ಮಿಕ್ಕಿ ವರುಷಗಳ ಕಾಲ ನಡೆಯಿತು.

ಮರ್ಯಾದೆಗೇನೂ ಕಡಿಮೆಯಾಗಲಿಲ್ಲ. ೧೯೨೬ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಲನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆದೆವು. ನಾಡು ಒಂದಾದ ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ಕೊಟ್ಟಿತು. ೧೯೬೪ನೆಯ ಜೂನ್ ೨೯ರಂದು ಅವರು ತೀರಿಕೊಂಡರು. ಈಗ ಅವರು ಹುಟ್ಟಿದ ದಿನವನ್ನು ವಚನ ಸಾಹಿತ್ಯ ಸಂರಕ್ಷಣೆಯ ದಿನವೆಂದು ಸರಕಾರವೇ ಆಚರಿಸುವದು. ೧೯೯೩ರಲ್ಲಿ ಸರಕಾರವು ‘ಸಮಗ್ರ ವಚನ ಸಂಪುಟ’ಗಳನ್ನು ೧೫ ಭಾಗಗಳಲ್ಲಿ ಹೊರಡಿಸಿತು, ಆ ಕಟ್ಟಡದ ಅಡಿಗಲ್ಲುಗಳಲ್ಲಿ ಮನೆ ಮಾರಿದವರ ಗಾರೆಯು ಸೇರಿರುವದು. ಹಾರ, ಶಾಲು, ಪದವಿ, ದಿನಾಚರಣೆ ಎಲ್ಲವನ್ನೂ ಕೊಟ್ಟೆವು. ಆದರೆ ೧೯೨೫ರಲ್ಲಿ ಮನೆಯು ಮಾರಾಟಕ್ಕೆ ಬಂದಾಗ, ಅಚ್ಚಿನ ಮೊಳೆಗೂ ಕಾಗದಕ್ಕೂ ಬೇಕಾದಷ್ಟು ಹಣವನ್ನು ನಾವೇ ಕೂಡಿಸಿ ಕೊಟ್ಟು, “ಮನೆಯಿರಲಿ ಬಿಡಿರಿ, ರಾಯರೇ” ಎನ್ನುವದಕ್ಕೆ ಕನ್ನಡಿಗರಿಂದ ಆಗಲಿಲ್ಲ.

ಅವರ ಒಲವೇ ದೊಡ್ಡದಾಗಿತ್ತು, ಆದ್ದರಿಂದ ಮನೆಯನ್ನು ಕೊಟ್ಟರೆಂದು ಭಾಷಣಗಳಲ್ಲಿ ಹೇಳುವದುಂಟು. ಹೌದು. ಆದರೆ ಮನೆ ಮಾರಿದ್ದು ಅವರ ಒಲವಿಗೆ ಪ್ರಮಾಣವಾದರೆ, ನಮ್ಮ ಉದಾಸೀನಕ್ಕೂ ಅದೇ ಪ್ರಮಾಣ. ಮೊದಲಿನ ಅರ್ಧವನ್ನಷ್ಟೇ ನಾವು ಚಪ್ಪಾಳೆ ತಟ್ಟಿ ಹೇಳುವೆವು.

ಕೂಲಿಯು ಬಂದರೆ ಒಲವು ಕೆಡುವದೆಂಬ ಒಂದು ವಾದವಿದೆ. ಗುರುಪುರದ ಶಿಕ್ಷಕರನ್ನು ಕುಳ್ಳಿರಿಸಿದ ಮೇಲಿನವರ ಮನಸ್ಸಿನಲ್ಲಿಯೂ ಇದೇ ಇದ್ದೀತು. ಚರಿತ್ರೆಯನ್ನು ನೋಡಿದರೆ ಹಾಗೆ ಕಾಣುವದಿಲ್ಲ. ಫರ್ಡಿನಂಡ್ ಕಿಟ್ಟೆಲರು ೧೮೫೩ರಲ್ಲಿ ಮತಪ್ರಚಾರಕ್ಕೆಂದು ಈ ನಾಡಿಗೆ ಬಂದವರು, ಅವರ ಜೀವನವನ್ನು ಬಾಸೆಲ್ ಮಿಶನ್ನು ನೋಡಿಕೊಂಡಿತು. ೧೮೯೪ರಲ್ಲಿ ಹೊರಬಿದ್ದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳು, ಸಾವಿರದ ಏಳುನೂರಕ್ಕೂ ಮಿಕ್ಕಿದ ಪುಟಗಳು. ಅದನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ಶಬ್ದಕ್ಕೆ ಅರ್ಥವನ್ನು ಕೊಟ್ಟು ಸುಮ್ಮನಾಗದೆ ಹಳ್ಳಿಗರ ಗಾದೆಯನ್ನೂ ಹುಡುಕಿ ತಂದು ಬದಿಗಿಟ್ಟಿರುವರು. ಗಾದೆಯನ್ನು ಇಡದಿದ್ದರೆ ಯಾವ ಮೇಲಧಿಕಾರಿಯೂ ಅವರನ್ನು ಕೇಳುತ್ತಿರಲಿಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಲೂಯಿ ರೈಸರು ಮೈಸೂರು ಸರಕಾರದ ಸಂಬಳಗಾರರು. ಅವರ ಕೈಯಿಂದ ಒಂಬತ್ತು ಸಾವಿರದಷ್ಟು ಶಾಸನಗಳು ಕಲ್ಲಿನಿಂದ ಪುಸ್ತಕಕ್ಕೆ ಬಂದವು. ಅವರ ತರುವಾಯ ಅದೇ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ೧೯೦೭, ೧೯೧೯, ೧೯೨೯ ಹೀಗೆ ಮೂರು ಸಂಪುಟಗಳಲ್ಲಿ ‘ಕರ್ಣಾಟಕ ಕವಿಚರಿತೆ’ಯನ್ನು ಕೊಟ್ಟರು. ಮೂವರಿಗೂ ತಿಂಗಳು ತಿಂಗಳಿಗೆ ಅನ್ನವು ನಿಶ್ಚಿತವಾಗಿತ್ತು, ಮೂವರ ಕೆಲಸದಲ್ಲಿಯೂ ಒಲವು ಎದ್ದು ಕಾಣುವದು. ಅನ್ನವು ನಿಶ್ಚಿತವಾಗಿದ್ದುದರಿಂದಲೇ ಅದು ಅಷ್ಟು ದೂರ ಹೋಯಿತೆಂದರೂ ತಪ್ಪಾಗದು.

ಇನ್ನೊಂದು ಪಕ್ಕದಲ್ಲಿ ಗಳಗನಾಥರನ್ನು ನೋಡಿರಿ. ೧೮೬೯ರಲ್ಲಿ ಹುಟ್ಟಿದ ವೆಂಕಟೇಶ ತಿರಕೊ ಕುಲಕರ್ಣಿಯವರು ಶಾಲೆಯ ಮಾಸ್ತರರಾಗಿದ್ದವರು. ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತುಕೊಂಡು ಊರೂರಿಗೆ ಹೋಗಿ ಮಾರಿದರು. ಈ ಚಿತ್ರವನ್ನು ನಾವು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುವೆವು. ಆ ಗಂಟನ್ನು ಹೊತ್ತ ಹೆಗಲಿನ ನೋವು ಮಾತ್ರ ಹೇಳಿಕೊಳ್ಳುವವರದಲ್ಲ. ಅಷ್ಟು ದಾರಿಯನ್ನು ನಡೆಯುವ ಹೊತ್ತಿನಲ್ಲಿ ಅವರು ಇನ್ನೆರಡು ಕಾದಂಬರಿಗಳನ್ನು ಬರೆಯಬಹುದಾಗಿತ್ತು ಎಂಬ ಲೆಕ್ಕವನ್ನು ಯಾರೂ ಮಾಡಲಿಲ್ಲ.

ನಮ್ಮ ಶರಣರು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿ ಯೋಚಿಸಿದ್ದರು. ಕಾಯಕವೆಂದರೆ ಕೂಲಿಯಿಲ್ಲದ ಕೆಲಸವೆಂದು ಅವರು ಹೇಳಲಿಲ್ಲ. ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಅವನ ಹೆಂಡತಿ ಲಕ್ಕಮ್ಮನು, ಈ ಮಿಕ್ಕದ್ದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳೆಂಬ ಕಥೆಯನ್ನು ಎಲ್ಲರೂ ಬಲ್ಲರು. ಹೆಚ್ಚಾದದ್ದು ಬೇಡವೆಂಬದನ್ನು ನಾವು ಇದರಿಂದ ಕಲಿತಿರುವೆವು. ಆದರೆ ಲಕ್ಕಮ್ಮನು ಎಲ್ಲವನ್ನೂ ಸುರಿದು ಬಾ ಎನ್ನಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದ ಅಕ್ಕಿಯು ಮನೆಯಲ್ಲಿ ಉಳಿಯಿತು. ಸಭೆಗಳಲ್ಲಿ ಈ ಕಥೆಯನ್ನು ಹೇಳುವವರು ಶಿಕ್ಷಕರ ಪಾಲಿನ ಅಳತೆಯನ್ನೂ ಸುರಿಸಿಬಿಡುವರು.

ಹೀಗೆ ಹೇಳುವಾಗ ನಮ್ಮ ಪಂಗಡದವರ ತಪ್ಪನ್ನೂ ಮುಚ್ಚಿಡಬಾರದು. ಕೂಲಿಯಿಲ್ಲದೆ ಮಾಡಿದ್ದೆಲ್ಲ ಒಲಿದು ಮಾಡಿದ್ದಾಗುವದಿಲ್ಲ. ಕನ್ನಡದ ಸೇವೆಯೆಂಬ ಹೆಸರಿನಲ್ಲಿ ಹೊರಬೀಳುವ ಎಷ್ಟೋ ಪುಸ್ತಕಗಳಲ್ಲಿ ಪುಟಕ್ಕೆ ಹತ್ತು ಅಚ್ಚಿನ ತಪ್ಪುಗಳಿರುವವು. ಕೇಳಿದರೆ, “ಅಭಿಮಾನದಿಂದ ಮಾಡಿದ್ದು ಸ್ವಾಮೀ, ಲಾಭಕ್ಕಲ್ಲ” ಎಂದು ಉತ್ತರವು ಬರುವದು. ಅಭಿಮಾನವಿದ್ದರೆ ಕರಡಚ್ಚನ್ನು ಇನ್ನೊಂದು ಸಲ ನೋಡಬಾರದಾಗಿತ್ತೇ? ಆಂಗ್ಲಭಾಷೆಯಲ್ಲಿ ‘ಅಮೆಚೂರ್’ ಎಂಬ ಶಬ್ದವಿದೆ. ಅದೂ ಲ್ಯಾಟಿನ್ನಿನ ಪ್ರೀತಿಯ ಧಾತುವಿನಿಂದಲೇ ಫ್ರೆಂಚರ ಮೂಲಕ ಬಂದದ್ದು, ಅರ್ಥವು ಪ್ರೀತಿಸುವವನೆಂದು. ಇಂದು ಅದನ್ನು ಅರೆಬೆಂದ ಕೆಲಸದವನಿಗೆ ಬೈಗಳಾಗಿ ಬಳಸುವರು. ಪ್ರೀತಿಸುವವರು ಶಬ್ದದ ಮಾನವನ್ನು ಉಳಿಸಿಕೊಳ್ಳಲಿಲ್ಲ. ನಮ್ಮ ಹವ್ಯಾಸಿ ಎಂಬ ಶಬ್ದಕ್ಕೂ ಅದೇ ಗತಿಯು ಬರುತ್ತಲಿದೆ. ಗರಿಯ ಮೇಲಿನ ಒಂದು ಅಕ್ಷರವು ‘ಪ’ವೋ ‘ಷ’ವೋ ಎಂದು ತಿಳಿಯಲು ಇನ್ನೊಂದು ಊರಿನ ಕಟ್ಟನ್ನು ಹುಡುಕಿಕೊಂಡು ಹೋಗುವವನೂ, ತಿಳಿಯದ್ದನ್ನು ಹಾರಿಸಿ ಅಚ್ಚಿಗೆ ಕಳಿಸುವವನೂ ಒಂದೇ ಹೆಸರಿನಿಂದ ಕರೆಯಿಸಿಕೊಳ್ಳಬಾರದು.

ಸಂಬಳವನ್ನು ಹೆಚ್ಚಿಸಿದೊಡನೆ ಶಾಲೆಗಳಲ್ಲಿ ಒಲವು ಉಕ್ಕಿ ಹರಿಯುವದೆಂದೂ ನಾವು ಹೇಳುವದಿಲ್ಲ. ತುಂಬು ಸಂಬಳವನ್ನು ತೆಗೆದುಕೊಂಡು ಗಂಟೆಯನ್ನೇ ನೋಡುತ್ತ ಕೂಡುವವರನ್ನು ನಮ್ಮ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ಹಣದಿಂದ ಒಲವನ್ನು ಹುಟ್ಟಿಸುವದು ಆಗದ ಮಾತು. ಹಣವನ್ನು ತಡೆದು ಹುಟ್ಟಿಸುವದಂತೂ ಇನ್ನೂ ಆಗದು. ತಾನಾಗಿ ಹುಟ್ಟಿದ್ದು ಸಾಯದಂತೆ ನೋಡಿಕೊಳ್ಳುವದಷ್ಟೇ ಮೇಲಿನವರ ಕೈಯಲ್ಲಿರುವದು, ಮತ್ತು ಅದಕ್ಕೆ ತಗಲುವ ವೆಚ್ಚವು ಹಲವು ಸಲ ನಗೆಪಾಟಲಾಗುವಷ್ಟು ಅಲ್ಪವಾದದ್ದು. ಗುರುಪುರದ ಶಿಕ್ಷಕರು ಕೇಳಿದ್ದು ಬಸ್ಸಿನ ವೆಚ್ಚ ಮತ್ತು ನಾಲ್ಕು ದಿನ. ಪುಸ್ತಕಗಳನ್ನು ಪ್ರದರ್ಶಿಸಿದ ಪಂದಲಿಗೆ ಇದಕ್ಕಿಂತ ಹೆಚ್ಚು ಖರ್ಚಾಗಿರಬಹುದೆಂದು ನಮ್ಮ ಗುಮಾನಿ.

ಇಲ್ಲಿ ಗಂಡಾಂತರದಲ್ಲಿರುವದು ಒಬ್ಬ ಶಿಕ್ಷಕರ ಮಾನವೊಂದೇ ಅಲ್ಲ. ಹಾಡಿಯ ಮುದುಕರ ಬಾಯಲ್ಲಿರುವ ಮಾತುಗಳು ತಾಳೆಗರಿಗಿಂತ ಬೇಗನೆ ಅಳಿಯತಕ್ಕವು. ಕಾಡಿನಿಂದ ಹೊರಗೆ ಬಂದು ನೆಲೆಸಿದ ಮನೆಗಳ ಮಕ್ಕಳು ಜೇನಿನ ಹೆಸರುಗಳನ್ನು ಅಜ್ಜನಿಂದ ಕಲಿಯುವ ದಿನಗಳು ಕಡಿಮೆಯಾಗುತ್ತಿರುವವು. ಗೆದ್ದಲಿಗೆ ಮುಂಚೆ ಹಳಕಟ್ಟಿಯವರು ತಲುಪಿದಂತೆ ಇಲ್ಲಿಯೂ ಯಾರಾದರೂ ತಲುಪಬೇಕು. ತಲುಪಿರುವವರು ಈಗ, “ಇನ್ನು ಸಾಕು, ನಕ್ಕವರೇ ಬರೆದುಕೊಳ್ಳಲಿ” ಎಂದು ಪತ್ರದ ಕೊನೆಗೆ ಬರೆದಿರುವರು. ಈ ಒಂದು ಸಾಲಿಗಾಗಿಯೇ ನಾವು ಇಷ್ಟೆಲ್ಲವನ್ನು ಬರೆಯಬೇಕಾಯಿತು.

ಆದುದರಿಂದ ಅವರಿಗೆ ನಮ್ಮ ಉತ್ತರವು ಹೀಗೆ. ಆ ಮಾತಿಗೆ ಕನ್ನಡವು ‘ಒಲಿದು’ ಎಂದು. ಅದನ್ನು ನಿಮ್ಮ ವಿಷಯದಲ್ಲಿ ನಾವು ಹೇಳಬಹುದು, ನಿಮಗೆ ಯಾರೂ ಹೇಳಲಾಗದು. ಇನ್ನು ಹತ್ತು ಹಾಡಿಗಳನ್ನು ವರುಷದೊಳಗೆ ಮುಗಿಸಿಕೊಡಬೇಕೆಂಬ ಅಪ್ಪಣೆಯು ಬಿಟ್ಟಿಯ ಜಾತಿಯದು. ಅದಕ್ಕೆ ವೆಚ್ಚವನ್ನು ಕೊಡುವವರೆಗೆ ಆಗದೆಂದು ಬರೆವಣಿಗೆಯಲ್ಲಿ ತಿಳಿಸಿರಿ, ನಾಚಿಕೆಯೇನೂ ಬೇಡ. ಆದರೆ ನಿಮ್ಮ ಸಂಜೆಗಳನ್ನು ಅವರ ಮೇಲಿನ ಸಿಟ್ಟಿಗೆ ಬಲಿಗೊಡಬೇಡಿರಿ. ಹಾಡಿಯ ಹಿರಿಯರು ಸಭೆಯಲ್ಲಿ ನಕ್ಕವರಲ್ಲ. ಮತ್ತು ಅವರ ಹೊತ್ತಿಗೂ ಬೆಲೆಯುಂಟು. ಹೋಗುವಾಗ ಬರಿಗೈಯಲ್ಲಿ ಹೋಗದೆ ಎಲೆಯಡಿಕೆಯನ್ನೋ ಬೆಲ್ಲವನ್ನೋ ಒಯ್ಯುವಿರೆಂದು ನಂಬಿರುವೆವು, ಆ ಖರ್ಚನ್ನೂ ಪಟ್ಟಿಯಲ್ಲಿ ಬರೆಯಿರಿ.

ನಮ್ಮ ವಾಚಕರಿಗೆ ಒಂದು ವಿಜ್ಞಾಪನೆ. ಈ ಪತ್ರಿಕೆಯನ್ನೂ ಭಾಷಾಭಿಮಾನಕ್ಕಾಗಿ ಪುಕ್ಕಟೆ ಕಳಿಸಿರೆಂದು ಬರೆಯುವವರು ಹಲವರಿರುವರು. ಅವರು ಉಳಿಸಿಕೊಂಡ ಚಂದಾ ಹಣವು ಇನ್ನೂ ಅವರ ಜೇಬಿನಲ್ಲಿಯೇ ಇರಬಹುದು. ಅದನ್ನು ಈ ಕೆಲಸಕ್ಕೆ ಕಳಿಸಲಿ, ನಾವು ಸಂತೋಷದಿಂದ ಮರೆತುಬಿಡುವೆವು. ಮೂರು ಪುಸ್ತಕಗಳ ಮೂಲವು ಗುರುಪುರದಲ್ಲಿಯೇ, ಬರೆದವರ ಮನೆಯಲ್ಲಿಯೇ ಇರತಕ್ಕದ್ದು. ಪ್ರದರ್ಶನಕ್ಕೆ ಹೋದದ್ದು ತಿರುಗಿ ಬಂದಿದೆಯೆಂದು ಅವರು ಬರೆದಿರುವರು, ಅದು ಅದೃಷ್ಟ. ಮೊದಲನೆಯ ಪುಸ್ತಕದ ನಕಲನ್ನು ಒಳ್ಳೆಯ ಅಕ್ಷರದವರಿಂದ ಮಾಡಿಸಿ ಕಳಿಸಿಕೊಟ್ಟರೆ ಜೇನಿನ ಪುಟಗಳಿಂದ ಆರಂಭಿಸಿ ವಾರವಾರಕ್ಕೆ ಅಚ್ಚು ಹಾಕುವೆವು. ಕರಡಚ್ಚನ್ನು ಎರಡು ಸಲ ಅವರಿಗೇ ಕಳಿಸುವೆವು. ನಕಲು ಮಾಡುವವನ ಕೂಲಿಯೂ ಹೋಗಿಬರುವ ಅಂಚೆಯ ವೆಚ್ಚವೂ ಪತ್ರಿಕೆಯದು.